ಎಲ್ಲಿಗೂ ಹೋಗದ ಹಸಿರು ವಾಯರು

“ಹಸಿರು ವಾಯರ್ ಐತ್ರಿ ಸರ, ಆದ್ರ ಎಲ್ಲಿಗೂ ಹೋಗಿಲ್ರಿ.”

ಫ್ರಿಜ್ ಇಡಬೇಕಾದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಸಾಕೆಟ್ಟಿನ ಪ್ಲೇಟು ಬಿಚ್ಚಿ ಕಾಕಾ ಹೇಳಿದ ಮಾತಿದು. ನಾನು ಬಗ್ಗಿ ನೋಡಿದೆ. ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂಬದಿಗೆ ಹಸಿರು ವಾಯರೊಂದನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ನಾಲ್ಕು ಬೆರಳಿನಷ್ಟು ಉದ್ದ ಅಷ್ಟೆ. ಅದರ ಇನ್ನೊಂದು ತುದಿಗೆ ಕಪ್ಪು ಟೇಪು ಸುತ್ತಿ ಡಬ್ಬಿಯೊಳಗೆ ಮಡಚಿ ಇಟ್ಟಿದ್ದರು. ಗೋಡೆಯೊಳಗಿನ ಪೈಪಿನಿಂದ ಬಂದದ್ದು ಎರಡೇ ವಾಯರು, ಕೆಂಪು ಮತ್ತು ಕಪ್ಪು. ಹಸಿರಿನದು ಬರೀ ವೇಷ.

ಮುಲುಂಡ್ ಪೂರ್ವದ ಏಳು ಮಾಳಿಗೆಯ ಕಟ್ಟಡದಲ್ಲಿ, ನಾಲ್ಕನೆಯ ಮಾಳಿಗೆಯ ಇಪ್ಪತ್ತೈದು ವರ್ಷ ಹಳೆಯ ಫ್ಲ್ಯಾಟನ್ನು ನಾವು ಕೊಂಡಿದ್ದೆವು. ಹಾಲು ಉಕ್ಕಿಸುವ ಮುಹೂರ್ತಕ್ಕೆ ಹನ್ನೆರಡು ದಿನ ಇತ್ತು. ಬಣ್ಣದವರು ಮುಗಿಸಿ ಹೋಗಿದ್ದರು, ಸಾಮಾನು ಇನ್ನೂ ಬಂದಿರಲಿಲ್ಲ. ವಾಯರ್‌ಮನ್ ಕರೆಸುತ್ತೇನೆ ಎಂದಾಗ ಹೆಂಡತಿ ಕೇಳಿದ್ದಳು: “ಲೈಟು, ಫ್ಯಾನು ಎಲ್ಲ ಸರಿ ಉಂಟಲ್ಲ, ಇನ್ನೆಂತ ನೋಡ್ಲಿಕ್ಕುಂಟು?” ನ್ಯಾಯವಾದ ಪ್ರಶ್ನೆ. ನಾವಿಬ್ಬರೂ ಸೇರಿ ಮನೆಯ ಒಂದೊಂದು ಸ್ವಿಚ್ಚನ್ನೂ ಒತ್ತಿ ನೋಡಿದ್ದೆವು. ಎಲ್ಲ ಉರಿದಿದ್ದವು, ಎಲ್ಲ ತಿರುಗಿದ್ದವು. ಮೊಬೈಲ್ ಚಾರ್ಜರನ್ನು ಸಾಕೆಟ್ಟಿನಿಂದ ಸಾಕೆಟ್ಟಿಗೆ ಹಾಕಿ ನೋಡಿದ್ದೂ ಆಗಿತ್ತು. ಮುಂಬಯಿಯಲ್ಲಿ ಮನೆ ಕೊಳ್ಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ‘ಇಲೆಕ್ಟ್ರಿಕ್ ಚೆಕಿಂಗ್’ ಇಲ್ಲಿಗೆ ಮುಗಿಯುತ್ತದೆ ಎಂದರೆ ಉತ್ಪ್ರೇಕ್ಷೆ ಅಲ್ಲವೇನೋ.

ಆದರೆ ಚಾರ್ಜರಿಗೆ ಬೇಕಾದದ್ದು ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಫ್ಯಾನೂ ಅಷ್ಟೆ, ಟ್ಯೂಬ್‌ಲೈಟೂ ಅಷ್ಟೆ. ಅರ್ಥಿಂಗ್ ಇಲ್ಲ ಎಂದು ಯಾವ ಯಂತ್ರವೂ ದೂರು ಹೇಳುವುದಿಲ್ಲ. ಫ್ರಿಜ್ಜು ತಣ್ಣಗೆ ಮಾಡುತ್ತದೆ, ವಾಷಿಂಗ್ ಮಶೀನು ತಿರುಗುತ್ತದೆ, ಗೀಸರು ನೀರು ಕಾಯಿಸುತ್ತದೆ. ಒಳಗಿನ ಒಂದು ಫೇಸ್ ವಾಯರಿನ ಸಿಪ್ಪೆ ಸವೆದು ತಗಡಿಗೆ ತಾಗುವ ದಿನದವರೆಗೂ ಎಲ್ಲವೂ ‘ಸರಿ ಉಂಟು’. ಆ ದಿನ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕುವವರು ಸಾಮಾನ್ಯವಾಗಿ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಇರುತ್ತಾರೆ. ಅಡುಗೆಮನೆ ಎಂದರೇ ಹಾಗೆ.

ಕಾಕಾನ ಬಗ್ಗೆ ಎರಡು ಮಾತು. ಇಲೆಕ್ಟ್ರಿಶಿಯನ್ ಎನ್ನುವುದು ಬೆಂಗಳೂರಿನ ಮಾತು. ಇಲ್ಲಿ ಆತ ವಾಯರ್‌ಮನ್. ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯವರು, ಮನೆಮಾತು ಕನ್ನಡ, ಮುಂಬಯಿಗೆ ಬಂದು ಮೂವತ್ತೈದು ವರ್ಷ. ಊರಿನವರು ಎಂದು ನಾನು ಕಾಕಾ ಎನ್ನುತ್ತೇನೆ, ಮರಾಠಿ ನೆರೆಯವರು ವಯಸ್ಸಿಗೆ ಕಾಕಾ ಎನ್ನುತ್ತಾರೆ, ಎರಡೂ ಒಂದೇ ಕಡೆ ಸೇರುತ್ತವೆ. ಅವರ ಚೀಲದಲ್ಲಿ ಮಲ್ಟಿಮೀಟರು, ಮೆಗ್ಗರು ಎಲ್ಲ ಇದ್ದರೂ ಮೊದಲು ಹೊರಗೆ ಬಂದದ್ದು ಹೋಲ್ಡರಿಗೆ ಸಿಕ್ಕಿಸಿದ ನೂರು ವಾಟಿನ ಹಳೆಯ ತಂತಿ ಬಲ್ಬು ಮತ್ತು ಅದರಿಂದ ಹೊರಟ ಎರಡು ವಾಯರು. ಟೆಸ್ಟ್ ಲ್ಯಾಂಪು.

ನಮ್ಮ ಮನೆಗಳಲ್ಲೆಲ್ಲ ಇರುವ ಸ್ಕ್ರೂಡ್ರೈವರ್ ಟೆಸ್ಟರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಾಕಾ ತೋರಿಸಿಯೇ ಕೊಟ್ಟರು. ಸಾಕೆಟ್ಟಿನ ಮೂರು ತೂತುಗಳಲ್ಲಿ ದೊಡ್ಡದು ಮೇಲೆ ಇದ್ದರೆ, ನೋಡುವವರ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್, ಮೇಲಿನದು ಅರ್ಥ್. ಟೆಸ್ಟರನ್ನು ಬಲಗಡೆ ಹಾಕಿದರೆ ಅದರ ಪುಟ್ಟ ನಿಯಾನ್ ದೀಪ ಮಿನುಗಿತು. ಎಡಗಡೆ, ಮೇಲೆ ಹಾಕಿದರೆ ಇಲ್ಲ. ನಾನಾಗಿದ್ದರೆ ಪಾಸ್ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಆದರೆ ಟೆಸ್ಟರ್ ಹೇಳುವುದು ‘ಇಲ್ಲಿ ಫೇಸ್ ಇದೆ’ ಎಂಬ ಒಂದೇ ಮಾತನ್ನು. ಅರ್ಥಿನ ತೂತಿನ ಹಿಂದೆ ಭೂಮಿಯವರೆಗೆ ಹೋಗುವ ತಂತಿ ಇದ್ದರೂ ಅದು ಉರಿಯುವುದಿಲ್ಲ, ಬರೀ ಗಾಳಿ ಇದ್ದರೂ ಉರಿಯುವುದಿಲ್ಲ. ಇಲ್ಲದಿರುವುದನ್ನೂ ಇರುವುದನ್ನೂ ಒಂದೇ ಮುಖ ಮಾಡಿ ಹೇಳುವ ಸಾಕ್ಷಿ.

ಟೆಸ್ಟ್ ಲ್ಯಾಂಪು ಹಾಗಲ್ಲ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಿಡಿದಾಗ ಬಲ್ಬು ಝಗ್ಗನೆ ಉರಿಯಿತು. ಫೇಸ್ ಮತ್ತು ಅರ್ಥ್ ನಡುವೆ ಹಿಡಿದರೂ ಅಷ್ಟೇ ಬೆಳಕು ಬರಬೇಕು. ಫ್ರಿಜ್ಜಿನ ಮೂಲೆಯಲ್ಲಿ ಬರಲಿಲ್ಲ. ನೂರು ವಾಟಿನ ಬಲ್ಬು ಸುಮಾರು 0.43 ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ಹೊತ್ತು ಹೋಗಲು ನಿಜವಾದ ದಾರಿ ಇರಲೇಬೇಕು. ಈ ಕೆಲಸಕ್ಕೆ ಎಲ್‌ಇಡಿ ಬಲ್ಬು ಬೇಡ ಎನ್ನುತ್ತಾರೆ ಕಾಕಾ. ಎಳೆಯಷ್ಟು ಸೋರಿ ಬಂದ ಕರೆಂಟಿಗೂ ಅದು ಮಿಣುಕುತ್ತದೆ, ಸತ್ತ ಅರ್ಥಿಂಗನ್ನು ಬದುಕಿದೆ ಎಂದು ತೋರಿಸುತ್ತದೆ. ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ: ಇದನ್ನು ನೀವೇ ಮಾಡಿ ನೋಡಲು ಹೋಗಬೇಡಿ. ಕೈಯಲ್ಲಿ ಬಿಚ್ಚಿದ ವಾಯರು ಹಿಡಿದು ಮಾಡುವ ಕೆಲಸ, ಅಭ್ಯಾಸ ಇದ್ದವರದು. ಆದರೆ ಬಂದ ವಾಯರ್‌ಮನ್ ಬರೀ ಟೆಸ್ಟರ್ ಹಿಡಿದು ಮನೆ ಸುತ್ತಿ ‘ಸಬ್ ಠೀಕ್ ಹೈ’ ಎಂದರೆ ಬಲ್ಬೆಲ್ಲಿ ಎಂದು ಕೇಳಿ.

ಒಟ್ಟು ಹತ್ತೊಂಬತ್ತು ಸಾಕೆಟ್ಟುಗಳಲ್ಲಿ ಐದಕ್ಕೆ ಅರ್ಥಿಂಗ್ ಇರಲಿಲ್ಲ. ಯಾವ ಐದು ಎನ್ನುವುದೇ ಸ್ವಾರಸ್ಯ. ಮೂಲ ಕಟ್ಟಡದ ಪಾಯಿಂಟುಗಳೆಲ್ಲ ಸರಿಯಾಗಿದ್ದವು. ಹಿಂದಿನ ಮಾಲೀಕರು ಅಡುಗೆಮನೆ ಹೊಸದು ಮಾಡಿಸಿದಾಗ ಸರಿಸಿದ, ಹೊಸದಾಗಿ ಸೇರಿಸಿದ ಪಾಯಿಂಟುಗಳು ಮಾತ್ರ ಖಾಲಿ. ಅಂದರೆ ಫ್ರಿಜ್ಜು, ಮೈಕ್ರೋವೇವು, ಮಿಕ್ಸರು, ನೀರಿನ ಫಿಲ್ಟರು, ವಾಷಿಂಗ್ ಮಶೀನು. ತಗಡಿನ ಮೈ, ನೀರಿನ ಸಹವಾಸ. ಅರ್ಥಿಂಗ್ ಎಲ್ಲಿ ಖಂಡಿತ ಬೇಕೋ ಅಲ್ಲೇ ಇಲ್ಲ. ಇಂಟೀರಿಯರಿನವರು ಗೋಡೆ ಕೊರೆದು ಎರಡೇ ವಾಯರು ಎಳೆದಿದ್ದರು. ಮೂರನೆಯದಕ್ಕೆ ತಾಮ್ರದ ಖರ್ಚು ಇದೆ. ಗ್ರಾಹಕನ ಕಣ್ಣಿಗೆ ಬೀಳುವುದು ಪ್ಲೇಟಿನ ಬಣ್ಣ.

ಆರನೆಯದು ಇನ್ನೂ ನಾಜೂಕು. ಅಡುಗೆಕಟ್ಟೆಯ ಮೇಲಿನ ಒಂದು ಸಾಕೆಟ್ಟಿನಲ್ಲಿ ಟೆಸ್ಟ್ ಲ್ಯಾಂಪು ಎರಡೂ ಕಡೆ ಚೆನ್ನಾಗಿ ಉರಿಯಿತು. ನಾನು ಸಮಾಧಾನಪಟ್ಟೆ, ಕಾಕಾ ಪಡಲಿಲ್ಲ. ಅದೇ ಸಾಲಿನ ಮೇಲೆ ಇಸ್ತ್ರಿಪೆಟ್ಟಿಗೆ ಚಾಲೂ ಇಟ್ಟು ಮಲ್ಟಿಮೀಟರಿನಲ್ಲಿ ಅಳೆದರು. ಫೇಸ್-ನ್ಯೂಟ್ರಲ್ 228. ಫೇಸ್-ಅರ್ಥ್ 228. ನ್ಯೂಟ್ರಲ್-ಅರ್ಥ್ ಸೊನ್ನೆ. “ಸೊನ್ನಿ ಬಂದ್ರ ಖುಷಿ ಪಡಬ್ಯಾಡ್ರಿ ಸರ. ಸೊನ್ನಿ ಅಂದ್ರ ಯಾರೋ ಆಟ ಆಡ್ಯಾರ.” ಕರೆಂಟು ಹರಿಯುತ್ತಿರುವ ನ್ಯೂಟ್ರಲ್ ವಾಯರಿನಲ್ಲಿ ಒಂದೆರಡು ವೋಲ್ಟಾದರೂ ಏರಿರುತ್ತದೆ, ಅರ್ಥಿನಲ್ಲಿ ಏರಿರುವುದಿಲ್ಲ, ಇಬ್ಬರ ನಡುವೆ ಸ್ವಲ್ಪ ವ್ಯತ್ಯಾಸ ಕಾಣುವುದೇ ಆರೋಗ್ಯ. ಪ್ಲೇಟು ಬಿಚ್ಚಿದರೆ ಆಟ ಕಂಡಿತು. ಒಂದು ಬೆರಳುದ್ದದ ತುಂಡು ವಾಯರಿನಿಂದ ನ್ಯೂಟ್ರಲ್ಲಿಗೂ ಅರ್ಥಿಗೂ ಗಂಟು ಹಾಕಿದ್ದರು. ಪರೀಕ್ಷೆ ಮಾಡುವವರಿಗೆ ಅರ್ಥಿಂಗ್ ಇದೆ ಎಂದು ತೋರಿಸುವ ಜುಗಾಡ್. ಎಲ್ಲೋ ಹಿಂದೆ ಆ ನ್ಯೂಟ್ರಲ್ ಸಡಿಲವಾಗಿ ತಪ್ಪಿಹೋದರೆ, ಚಾಲೂ ಇರುವ ಯಂತ್ರದ ಮೂಲಕವೇ ಫೇಸ್ ಬಂದು ಅದರ ತಗಡಿನ ಮೈಗೆ ಏರುತ್ತದೆ. ಅರ್ಥಿಂಗ್ ಇಲ್ಲದ್ದಕ್ಕಿಂತ ಇದು ಕೆಟ್ಟದ್ದು.

ಅರ್ಥಿಂಗ್ ಸರಿ ಇದ್ದರೆ ಸಾಕೇ? ಇಲ್ಲಿ ಒಂದು ಸಣ್ಣ ಲೆಕ್ಕ. ಕಟ್ಟಡದ ಅಂಗಳದಲ್ಲಿ ತೋಡಿದ ಅರ್ಥ್ ಗುಂಡಿಯೊಂದನ್ನೇ ನೆಚ್ಚಿಕೊಂಡಿದ್ದೀರಿ, ಅದರ ತಡೆ 5 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟನ್ನು 5ರಿಂದ ಭಾಗಿಸಿದರೆ 46 ಆಂಪಿಯರ್. ಫ್ರಿಜ್ಜಿನೊಳಗೆ ಫೇಸ್ ತಗಡಿಗೆ ತಾಗಿದರೆ ಭೂಮಿಗೆ ಹರಿಯುವ ಕರೆಂಟು ಹೆಚ್ಚೆಂದರೆ ಇಷ್ಟು. ಆ ಸಾಲಿಗೆ 32 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಕಡಿಯುವ ಸ್ವಿಚ್ಚು, ಹಾಕಿದ್ದಾರೆ ಎನ್ನಿ. ತನ್ನ ಅಂಕಿಯ 1.45 ಪಟ್ಟು ಕರೆಂಟು ಬಂದರೆ ಎಂಸಿಬಿ ಒಂದು ಗಂಟೆಯೊಳಗೆ ಬಿದ್ದರೆ ಸಾಕು ಎನ್ನುತ್ತದೆ ಅದರ ಮಾನಕ. 32ರ 1.45 ಪಟ್ಟು ಎಂದರೆ 46.4. ಅಂದರೆ ನಮ್ಮ ಎಂಸಿಬಿ ಒಂದು ಗಂಟೆ ಆರಾಮವಾಗಿ ಯೋಚಿಸಿದರೂ ಅದರದೇನೂ ತಪ್ಪಿಲ್ಲ. ಅಷ್ಟು ಹೊತ್ತೂ ಫ್ರಿಜ್ಜಿನ ಬಾಗಿಲಲ್ಲಿ ಕರೆಂಟು. ಎಂಸಿಬಿ ಹುಟ್ಟಿದ್ದೇ ವಾಯರನ್ನು ಕಾಯುವುದಕ್ಕೆ. ಮನುಷ್ಯನನ್ನು ಕಾಯುವುದು ಅದರ ಕೆಲಸವಲ್ಲ.

ಆ ಕೆಲಸ ಆರ್‌ಸಿಸಿಬಿಯದು. ಅಂಗಡಿಗಳಲ್ಲಿ ಈಗಲೂ ಹಳೆಯ ಹೆಸರಲ್ಲಿ ಇಎಲ್‌ಸಿಬಿ ಎನ್ನುತ್ತಾರೆ. ಹೋದ ಕರೆಂಟೂ ಮರಳಿದ ಕರೆಂಟೂ ಸಮ ಇದೆಯೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಬೇರೆ ದಾರಿ ಹಿಡಿದರೂ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಕಡಿದುಹಾಕುತ್ತದೆ. ನಮ್ಮ ಫ್ಲ್ಯಾಟಿನಲ್ಲಿ ಇದು ಇರಲೇ ಇಲ್ಲ. ಹೊಸದಾಗಿ ಹಾಕಿಸಿದ್ದಕ್ಕೆ ತಗಲಿದ್ದು ಮೂರು ಸಾವಿರದ ಆಚೀಚೆ. ಬಾಲ್ಕನಿಯ ಗಾಜಿನ ಜಾರುಬಾಗಿಲಿಗೆ ಕೊಟ್ಟದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಖಾಲಿ ಪಾಯಿಂಟುಗಳಿಗೆ ಅರ್ಥ್ ವಾಯರು ಎಳೆದು, ಇದನ್ನೂ ಹಾಕಿದ ಮೇಲೆ ಕಾಕಾ ಮತ್ತೆ ಫ್ರಿಜ್ಜಿನ ಮೂಲೆಯಲ್ಲಿ ಟೆಸ್ಟ್ ಲ್ಯಾಂಪನ್ನು ಫೇಸಿಗೂ ಅರ್ಥಿಗೂ ಹಿಡಿದರು. ಬಲ್ಬು ಕಣ್ಣು ಬಿಡುವ ಮೊದಲೇ ಇಡೀ ಮನೆಯ ಕರೆಂಟು ಹೋಯಿತು. ಹೊಸ ಮನೆಯಲ್ಲಿ ಸಂತೋಷಪಡಬೇಕಾದ ಕತ್ತಲೆ ಅದೊಂದೇ.

ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಒಂದು ಗುಂಡಿ ಇರುತ್ತದೆ. ಒತ್ತಿದರೆ ಬೀಳಬೇಕು, ಬಿದ್ದರೆ ಯಂತ್ರ ಸರಿ ಇದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು. ಆದರೆ ಬಿಲ್ಡರಿನ ಹುಡುಗ ಆ ಗುಂಡಿಯನ್ನು ಟಪ್ ಎಂದು ಒತ್ತಿ ತೋರಿಸಿ ‘ಅರ್ಥಿಂಗ್ ಓಕೆ’ ಎಂದರೆ ನಂಬಬೇಡಿ. ಆ ಗುಂಡಿ ಯಂತ್ರವನ್ನಷ್ಟೇ ಪರೀಕ್ಷಿಸುತ್ತದೆ. ಅರ್ಥ್ ವಾಯರೇ ಇಲ್ಲದ ಮನೆಯಲ್ಲೂ ಠೀವಿಯಿಂದ ಬೀಳುತ್ತದೆ. ಅರ್ಥಿಂಗ್ ಇರುವ ಮನೆಯಲ್ಲಿ ಫ್ರಿಜ್ಜು ಕೆಟ್ಟ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಬೀಳಬೇಕಾದರೆ ಯಾರಾದರೂ ಮುಟ್ಟಬೇಕು.

ಮುಂಬಯಿಯ ಮಳೆಗಾಲಕ್ಕೂ ಈ ಪೆಟ್ಟಿಗೆಗೂ ಹಳೆಯ ಜಗಳ. ಜೂನ್ ಮುಗಿಯುವಷ್ಟರಲ್ಲಿ ಪಶ್ಚಿಮದ ಗೋಡೆ ನೀರು ಕುಡಿದು, ಒಳಗಿನ ಪೈಪು ಒದ್ದೆಯಾಗಿ, ಹಳೆಯ ಜಾಯಿಂಟಿನಿಂದ ಕರೆಂಟು ಸೋರತೊಡಗುತ್ತದೆ. ಆರ್‌ಸಿಸಿಬಿ ರಾತ್ರಿ ಎರಡು ಗಂಟೆಗೆ ಬೀಳುತ್ತದೆ, ಎತ್ತಿದರೆ ಮತ್ತೆ ಬೀಳುತ್ತದೆ. ಬೆಳಿಗ್ಗೆ ಬಂದ ಯಾರೋ ಅದನ್ನು ಬೈಪಾಸ್ ಮಾಡಿ ಇನ್ನೂರು ರೂಪಾಯಿ ತೆಗೆದುಕೊಂಡು ಹೋಗುತ್ತಾರೆ, ಮನೆಯವರು ಆಶೀರ್ವಾದ ಮಾಡುತ್ತಾರೆ. ಹಾಗಾಗಿ ಹಳೆಯ ಮನೆ ಕೊಳ್ಳುವವರು ಡಿಬಿಯಲ್ಲಿ, ಅಂದರೆ ಎಂಸಿಬಿಗಳ ಪೆಟ್ಟಿಗೆಯಲ್ಲಿ, ಆರ್‌ಸಿಸಿಬಿ ಕಂಡರೂ ಅದರೊಳಗಿಂದ ನಿಜವಾಗಿ ಕರೆಂಟು ಹೋಗುತ್ತಿದೆಯೇ ನೋಡಬೇಕು. ಅದನ್ನು ಆಫ್ ಮಾಡಿ, ಮನೆ ಕತ್ತಲಾಗಬೇಕು. ಆಗದಿದ್ದರೆ ಅದು ಗೋಡೆಯ ಅಲಂಕಾರ. ಸೋರುವಿಕೆಯನ್ನು ಹಿಡಿಯಲು ಮೆಗ್ಗರ್ ಇದೆ. ಕರೆಂಟು ಪೂರ್ತಿ ತೆಗೆದು, ಯಂತ್ರಗಳನ್ನೆಲ್ಲ ಬಿಚ್ಚಿಟ್ಟು, ವಾಯರಿಗೂ ಅರ್ಥಿಗೂ ನಡುವೆ 500 ವೋಲ್ಟ್ ಒಂದು ನಿಮಿಷ ಕೊಟ್ಟರೆ ತಡೆ ಕನಿಷ್ಠ ಒಂದು ಮೆಗಾಓಮ್ ಇರಬೇಕು. ಸಾಧ್ಯವಾದರೆ ಈ ಅಳತೆಯನ್ನು ಮಳೆಗಾಲದಲ್ಲೇ ಮಾಡಿಸಿ. ಏಪ್ರಿಲ್ ಬಿಸಿಲಲ್ಲಿ ಎಲ್ಲ ಗೋಡೆಗಳೂ ಸಜ್ಜನರು.

ನಮ್ಮ ಡಿಬಿ ಎಲ್ಲಿತ್ತು ಗೊತ್ತೆ? ಚಪ್ಪಲಿ ಕಪಾಟಿನ ಒಳಗೆ. ಮುಂಬಯಿಯ ಇಂಟೀರಿಯರಿನವರಿಗೆ ಡಿಬಿ ಎಂದರೆ ಮುಚ್ಚಿಡಬೇಕಾದ ಮುಖ. ಬಾಗಿಲ ಹಿಂದಿನ ಆ ಬಿಳಿ ಪೆಟ್ಟಿಗೆಯ ಮೇಲೆ ಪ್ಲೈವುಡ್, ಅದರ ಮೇಲೆ ಸನ್‌ಮೈಕಾ, ಒಳಗೆ ನಾಲ್ಕು ಸಾಲು ಚಪ್ಪಲಿ. ಕತ್ತಲಲ್ಲಿ, ಹೊಗೆಯಲ್ಲಿ, ಗಾಬರಿಯಲ್ಲಿ ಮೇನ್ ಸ್ವಿಚ್ ಹುಡುಕುವವರು ಮೊದಲು ಗಂಬೂಟು ತೆಗೆಯಬೇಕು. ಕಾಕಾ ಕಪಾಟಿನ ಆ ಖಾನೆಯನ್ನು ಖಾಲಿ ಮಾಡಿಸಿದರು, ನಾವು ಆಮೇಲೆ ಬಾಗಿಲನ್ನೇ ತೆಗೆಸಿಬಿಟ್ಟೆವು.

ಪೆಟ್ಟಿಗೆ ತೆರೆದಾಗ ನೋಡಬೇಕಾದದ್ದು ಎಂಸಿಬಿಯ ಅಂಕಿ ಮತ್ತು ಅದರ ಕೆಳಗಿಂದ ಹೊರಟ ವಾಯರಿನ ದಪ್ಪ, ಎರಡನ್ನೂ ಜೊತೆಗೇ. ಈ ಮನೆಗೆ ವಾಯರು ಎಳೆದ ಕಾಲದಲ್ಲಿ ಒಂದು ಫ್ರಿಜ್ಜು, ಒಂದು ಟಿವಿ, ಒಂದು ಮಿಕ್ಸರು, ಮೂರು ಫ್ಯಾನು, ಎಸಿ ಶ್ರೀಮಂತರದು. ಇವತ್ತು? ಒಂದೂವರೆ ಟನ್ನಿನ ಎಸಿ ಎರಡು, ಒಂದೊಂದಕ್ಕೆ ಒಂದೂವರೆ ಕಿಲೋವಾಟ್. ಗೀಸರು ಎರಡು ಕಿಲೋವಾಟ್. ಇಂಡಕ್ಷನ್ ಒಲೆ ಎರಡು. ನೀರು ಕಾಯಿಸಿಕೊಳ್ಳುವ ವಾಷಿಂಗ್ ಮಶೀನು ಇನ್ನೆರಡು. ಒಂಬತ್ತು ಆಯಿತು, ಫ್ರಿಜ್ಜು ದೀಪ ಇನ್ನೂ ಸೇರಿಲ್ಲ. ಒಂಬತ್ತು ಕಿಲೋವಾಟ್ ಎಂದರೆ 39 ಆಂಪಿಯರ್. ಬಿಲ್ಲಿನ ಮೇಲೆ ‘ಸ್ಯಾಂಕ್ಷನ್ಡ್ ಲೋಡ್’ ಎಂದು ಒಂದು ಅಂಕಿ ಅಚ್ಚಾಗಿರುತ್ತದೆ. ಹಳೆಯ ಮಾಲೀಕರ ಬಿಲ್ಲು ಕೇಳಿ ಅದನ್ನು ಓದಿ. ನಿಮ್ಮ ಲೆಕ್ಕಕ್ಕೆ ಅದು ತೀರಾ ಕಡಿಮೆ ಇದ್ದರೆ ಏರಿಸಿಕೊಳ್ಳಲು ಅರ್ಜಿ ಕೊಡಬೇಕು. ಬಿಲ್ಲು ಕೈಗೆ ಬಂದಾಗ ಬಾಕಿ ಎಷ್ಟಿದೆ ಎಂದೂ ನೋಡಿಕೊಳ್ಳಿ. ಹಳೆಯ ಮಾಲೀಕನ ಬಾಕಿಯನ್ನು ಹೊಸ ಸಂಪರ್ಕ ಕೇಳುವವರಿಂದ ವಸೂಲು ಮಾಡುವ ನಿಯಮಕ್ಕೆ 2023ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಗೆ ಕೊಟ್ಟಿದೆ.

ಗೀಸರ್ ಸಾಲಿನಲ್ಲಿ ನಮಗೆ ಸಿಕ್ಕಿದ್ದು 2.5 ಸ್ಕ್ವೇರ್ ಎಂಎಂ ವಾಯರು, ಅದರ ಮೇಲೆ 32ರ ಎಂಸಿಬಿ. ಗೋಡೆಯೊಳಗಿನ ಪೈಪಿನಲ್ಲಿ ಆ ವಾಯರು ತಡೆಯುವುದು 20 ಆಂಪಿಯರಿನ ಆಸುಪಾಸು. ಮೊದಲು 16ರದ್ದು ಇದ್ದಿರಬೇಕು, ಪದೇ ಪದೇ ಬೀಳುತ್ತದೆ ಎಂದು ಯಾರೋ ದೊಡ್ಡದು ಹಾಕಿದರು. ಬೀಳುವುದು ನಿಂತಿತು. ವಾಯರಿನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ; ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 32 ಎಂದು ಬರೆದ ಎಂಸಿಬಿ 30 ಆಂಪಿಯರಿಗೆ ಎಂದೂ ಬೀಳುವುದಿಲ್ಲ. ಬೆಂಕಿ ಬಿದ್ದ ಮೇಲೆ ಪತ್ರಿಕೆಯಲ್ಲಿ ‘ಶಾರ್ಟ್ ಸರ್ಕಿಟ್’ ಎಂದು ಬರುತ್ತದೆ, ಅದು ಕಥೆಯ ಕೊನೆಯ ಸಾಲು ಮಾತ್ರ. ಅದಕ್ಕೂ ವರ್ಷಗಳ ಮೊದಲು ಯಾರೋ 16 ತೆಗೆದು 32 ಹಾಕಿರುತ್ತಾರೆ.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಗೀಸರ್ ಸ್ವಿಚ್ಚಿನ ಅಂಚಿನಲ್ಲಿ ಕಂದು ಕಲೆ. ಪ್ಲಗ್ಗು ಕಿತ್ತರೆ ಸುಟ್ಟ ವಾಸನೆ. ವರಳಿ, ವರ್ಸೋವಾದಂಥ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ತಾಮ್ರದ ತುದಿಗಳ ಮೇಲೆ ಹಸಿರು ಕಿಲುಬು. ತೀರಾ ಹಳೆಯ ಕಟ್ಟಡಗಳಲ್ಲಿ ಅಲ್ಯುಮಿನಿಯಂ ವಾಯರು, ಅದಕ್ಕೆ ಆಮೇಲೆ ಗಂಟು ಹಾಕಿದ ತಾಮ್ರ. ಆ ಗಂಟು ನಿಧಾನಕ್ಕೆ ಸಡಿಲವಾಗಿ ಕಾಯುತ್ತದೆ. ರಾತ್ರಿ ಆರಿಸಿದ ಎಲ್‌ಇಡಿ ಬಲ್ಬು ಕತ್ತಲಲ್ಲಿ ಸಣ್ಣಗೆ ಮಿಣುಕುತ್ತಿದ್ದರೆ ಒಮ್ಮೆ ತೋರಿಸಿ. ಸ್ವಿಚ್ಚಿನ ಪುಟ್ಟ ಕೆಂಪು ದೀಪದಿಂದಲೂ ಹಾಗಾಗಬಹುದು, ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲನ್ನು ಕಡಿಯುತ್ತಿದ್ದರೂ ಆಗಬಹುದು. ಎರಡನೆಯದಾದರೆ ಆರಿದ ಬಲ್ಬಿನ ಹೋಲ್ಡರಿನಲ್ಲೂ ಕರೆಂಟು ಇದೆ.

ಬೆಂಗಳೂರಿನಿಂದ ಮನೆ ನೋಡಲು ಬಂದ ನನ್ನ ಭಾವ ಮೊದಲು ಕೇಳಿದ್ದು “ಯುಪಿಎಸ್ ಪಾಯಿಂಟ್ ಎಲ್ಲಿ?” ಎಂದು. ಇಲ್ಲ ಎಂದಾಗ ಅಡುಗೆಮನೆ ಇಲ್ಲ ಎಂದವರನ್ನು ನೋಡಿದಂತೆ ನೋಡಿದರು. ಮುಂಬಯಿಗೆ ತನ್ನದೇ ಟ್ರಾಂಬೆ, ಡಹಾಣು ಸ್ಥಾವರಗಳ ಆಸರೆ ಇದೆ, ರಾಜ್ಯದ ಜಾಲ ಕುಸಿದರೆ ಬೇರ್ಪಟ್ಟು ನಿಲ್ಲುವ ಏರ್ಪಾಡಿದೆ. 2020ರ ಅಕ್ಟೋಬರ್ 12ರಂದು ಆ ಏರ್ಪಾಡೂ ಕೈಕೊಟ್ಟು ಲೋಕಲ್ ರೈಲು ನಿಂತದ್ದು ಇನ್ನೂ ಸುದ್ದಿಯಂತೆ ನೆನಪಿದೆ ಎಂದರೆ ಉಳಿದ ದಿನಗಳ ಲೆಕ್ಕ ತಿಳಿಯುತ್ತದೆ. ಕರೆಂಟು ಹೋಗದ ಊರಿನವರು ಕರೆಂಟಿನ ಬಗ್ಗೆ ಯೋಚಿಸುವುದಿಲ್ಲ. ಇದು ನಮ್ಮ ದುರಭ್ಯಾಸ. ಕರೆಂಟು ಕೊಡುವವರು ಯಾರು ಎಂಬುದೂ ವಿಳಾಸದ ಮೇಲೆ: ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗೆ ಬೆಸ್ಟ್, ಬಾಂದ್ರಾ ದಾಟಿ ಉಪನಗರದ ಬಹುಭಾಗ ಅದಾನಿ, ಕೆಲವರಿಗೆ ಟಾಟಾ, ಭಾಂಡುಪ್, ಮುಲುಂಡ್, ಠಾಣೆ, ಡೊಂಬಿವಲಿಗೆ ಮಹಾವಿತರಣ. ಯಾರೇ ಆದರೂ ಅವರ ಜವಾಬ್ದಾರಿ ಮೀಟರಿನವರೆಗೆ.

ಆ ಮೀಟರು ನಮ್ಮ ಮನೆಯಲ್ಲಿಲ್ಲ, ನೆಲಮಟ್ಟದ ಮೀಟರ್ ರೂಮಿನಲ್ಲಿದೆ. ಅಂದರೆ ಮುಂಬಯಿಯ ಫ್ಲ್ಯಾಟಿನ ಕರೆಂಟು ಬಾಗಿಲಲ್ಲಿ ಶುರುವಾಗುವುದಲ್ಲ, ನಾಲ್ಕು ಮಾಳಿಗೆ ಕೆಳಗೆ. ನೋಡುವವರು ಅಲ್ಲಿಗೆ ಇಳಿಯಲೇಬೇಕು. ಕಾಕಾ ವಾಚ್‌ಮನ್‌ನಿಂದ ಬೀಗದ ಕೈ ಇಸಿದುಕೊಂಡರು. ಒಳಗೆ ಪೊರಕೆ, ಗಣಪತಿ ಮಂಟಪದ ಥರ್ಮಾಕೋಲ್, ಯಾರದೋ ಮುರಿದ ಸೈಕಲ್ಲು. ಥರ್ಮಾಕೋಲನ್ನು ನೋಡಿ ಕಾಕಾ ಹಣೆ ಚಚ್ಚಿಕೊಂಡರು. ಇಂಥ ರೂಮಿನಲ್ಲಿ ಕಿಡಿ ಹಾರಿದರೆ ಹೊಗೆಗೆ ಲಿಫ್ಟಿನ ಪಕ್ಕದ ಇಲೆಕ್ಟ್ರಿಕ್ ಡಕ್ಟೇ ಚಿಮಣಿ, ಮೆಟ್ಟಿಲೇ ಎರಡನೆಯ ಚಿಮಣಿ. 15 ಮೀಟರಿಗಿಂತ ಎತ್ತರದ ಕಟ್ಟಡಗಳ ಕೇಬಲ್ ಡಕ್ಟಿನಲ್ಲಿ ಬೇರೆ ಯಾವ ಪೈಪೂ ಹೋಗಕೂಡದು, ಪ್ರತಿ ಮಾಳಿಗೆಯಲ್ಲೂ ಬೆಂಕಿ ತಡೆಯುವ ಅಡ್ಡಗಟ್ಟು ಇರಬೇಕು ಎಂಬ ನಿಯಮ ದಶಕಗಳಿಂದ ಇದೆ. ನಾವು ಪ್ರತಿ ಮಾಳಿಗೆಯಲ್ಲಿ ಡಕ್ಟಿನ ಬಾಗಿಲು ತೆಗೆದು ನೋಡಿದೆವು. ಮೂರನೆಯದರಲ್ಲಿ ಮೊಬೈಲ್ ಟಾರ್ಚ್ ಬಿಟ್ಟರೆ ಬೆಳಕು ನೆಲದವರೆಗೂ ಇಳಿಯಿತು.

ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಇದೆಯೇ ಎಂದೂ ನೋಡಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಉಪನಗರಗಳ ಎಷ್ಟೋ ಮೀಟರ್ ರೂಮುಗಳು ಮುಳುಗಿದವು. ಮೀಟರಿನ ಹಲಗೆ ಸೊಂಟದೆತ್ತರಕ್ಕಿಂತ ಕೆಳಗಿದ್ದರೆ ಮುಂದಿನ ಸಭೆಯಲ್ಲಿ ಮಾತೆತ್ತಿ. ಅರ್ಥ್ ಗುಂಡಿ ಎಲ್ಲಿ ಎಂದು ಸೆಕ್ರೆಟರಿಯವರನ್ನು ಕೇಳಿದರೆ ಅಂಗಳದತ್ತ ಕೈ ಬೀಸಿದರು. ಹೋಗಿ ನೋಡಿದರೆ ಹೊಸ ಪೇವರ್ ಬ್ಲಾಕ್, ಚಂದದ ಮೀನಿನ ಹುರುಪೆಯ ವಿನ್ಯಾಸ. ಗುಂಡಿ ಅದರ ಕೆಳಗೆಲ್ಲೋ ಮುಚ್ಚಿಹೋಗಿತ್ತು. ಬೇಸಿಗೆಯಲ್ಲಿ ನೀರು ಹಾಕಬೇಕಾದ, ತಡೆ ಎಷ್ಟಿದೆ ಎಂದು ಆಗಾಗ ಅಳೆಯಬೇಕಾದ ಜಾಗ ಅದು.

ಎಲ್ಲಕ್ಕಿಂತ ನಾನು ಹೆದರಿದ್ದು ನ್ಯೂಟ್ರಲ್ಲಿನ ಸಂಗತಿ ಕೇಳಿ. ಕಟ್ಟಡಕ್ಕೆ ಬರುವುದು ಮೂರು ಫೇಸ್, ಒಂದು ನ್ಯೂಟ್ರಲ್. ಫ್ಲ್ಯಾಟುಗಳನ್ನು ಮೂರು ಫೇಸಿಗೆ ಹಂಚಿರುತ್ತಾರೆ, ಮರಳುವ ದಾರಿ ಎಲ್ಲರಿಗೂ ಒಂದೇ. ಕೆಳಗೆ ಆ ಒಂದು ನಟ್ಟು ಸಡಿಲವಾಗಿ ನ್ಯೂಟ್ರಲ್ ತಪ್ಪಿದರೆ, ಒಂದು ಫೇಸಿನ ಮನೆಯ ಕರೆಂಟು ಇನ್ನೊಂದು ಫೇಸಿನ ಮನೆಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಇಬ್ಬರ ನಡುವೆ ಸುಮಾರು 400 ವೋಲ್ಟು. ಎಸಿ ಹಾಕಿಕೊಂಡವನ ಮನೆಯಲ್ಲಿ ದೀಪ ಮಂಕಾಗುತ್ತದೆ; ಬರೀ ಟಿವಿ ನೋಡುತ್ತ ಕೂತವನ ಮನೆಗೆ ಮುನ್ನೂರು ಮುನ್ನೂರೈವತ್ತು ವೋಲ್ಟು ನುಗ್ಗುತ್ತದೆ. ಒಂದು ಸಂಜೆ ಕಟ್ಟಡದ ಅರ್ಧದಷ್ಟು ಟಿವಿ, ರೌಟರು, ಫ್ರಿಜ್ಜುಗಳು ಒಟ್ಟಿಗೆ ಸುಟ್ಟವು ಎಂಬ ಕಥೆ ಮುಂಬಯಿಯ ಯಾವ ಹಳೆಯ ಸೊಸೈಟಿಯಲ್ಲಿ ಕೇಳಿದರೂ ಸಿಗುತ್ತದೆ. ಮುನ್ಸೂಚನೆ ಇರುತ್ತದೆ: ಯಾರೋ ಗೀಸರ್ ಹಾಕಿದಾಗ ನಿಮ್ಮ ಮನೆಯ ದೀಪ ಇದ್ದಕ್ಕಿದ್ದಂತೆ ಹೆಚ್ಚು ಬೆಳಗಿದರೆ ಖುಷಿಪಡಬೇಡಿ, ಮೇನ್ ಆಫ್ ಮಾಡಿ. ವೋಲ್ಟೇಜ್ ಏರಿದರೆ ತಾನೇ ಕಡಿಯುವ ಸಣ್ಣ ಸಾಧನ ಡಿಬಿಯಲ್ಲಿ ಹಾಕಿಸಬಹುದು, ನಾವು ಹಾಕಿಸಿದೆವು.

ಹೊಸ ಕಟ್ಟಡದಲ್ಲಿ ಪೊಸೆಶನ್ ತೆಗೆದುಕೊಳ್ಳುವವರ ದಾರಿ ಸ್ವಲ್ಪ ಬೇರೆ. 2025ರ ಆಗಸ್ಟಿನಲ್ಲಿ ವರಳಿಯ ಬಿಡಿಡಿ ಚಾಳಿನ 556 ಕುಟುಂಬಗಳಿಗೆ ಗೋಪುರದ ಮನೆಗಳ ಕೀಲಿಕೈ ಸಿಕ್ಕಿತು. 1920ರ ದಶಕದಲ್ಲಿ ಕಟ್ಟಿದ ಚಾಳಿನ 160 ಚದರಡಿ ಖೋಲಿಯಿಂದ 500 ಚದರಡಿಗೆ. ಒಂದು ಬಲ್ಬು, ಒಂದು ಫ್ಯಾನಿನಿಂದ ಬದುಕು ಶುರುಮಾಡಿದವರಿಗೆ ಹತ್ತಾರು ಸ್ವಿಚ್ಚಿನ ಮನೆ; ಅಲ್ಲಿ ಯಾರಿಗೆ ಅರ್ಥಿಂಗ್ ನೆನಪಾದೀತು! ಆದರೆ ಪರೀಕ್ಷೆಗೆ ಸೋಫಾ, ಕಪಾಟು ಬರುವ ಮುಂಚಿನ ಆ ಖಾಲಿ ದಿನಗಳೇ ಒಳ್ಳೆಯವು. ಬಿಲ್ಡರಿನಿಂದ ಮನೆ ಕೊಂಡವರು ಲೈಸೆನ್ಸ್ ಇರುವ ಕಂಟ್ರಾಕ್ಟರಿನ ಟೆಸ್ಟ್ ರಿಪೋರ್ಟು ಮತ್ತು ವಾಯರಿಂಗ್ ನಕ್ಷೆ ಕೇಳಬೇಕು, ಓಸಿ (ವಾಸಕ್ಕೆ ಅನುಮತಿ ಪತ್ರ) ಇಲ್ಲದೆ ಒಳಗೆ ಹೋಗಬಾರದು. ವರಳಿಯ ಕ್ಯಾಂಪಾ ಕೋಲಾ ಕಾಂಪೌಂಡಿನವರ ಕರೆಂಟು, ನೀರು, ಗ್ಯಾಸ್ 2014ರಲ್ಲಿ ಕಡಿದುಹಾಕಿದ್ದು ಅನುಮತಿ ಇಲ್ಲದೆ ಏರಿಸಿದ ಮಾಳಿಗೆಗಳ ಕಾರಣಕ್ಕೆ. ರೇರಾ ಕಾಯಿದೆಯ 14ನೆಯ ಕಲಮಿನ ಪ್ರಕಾರ, ಪೊಸೆಶನ್ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕೆಲಸದ ದೋಷ ತೋರಿಸಿದರೆ ಬಿಲ್ಡರು 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಇಂಟೀರಿಯರಿನವರು ಗೋಡೆ ಒಡೆದ ಮೇಲೆ ದೋಷ ಯಾರದು ಎಂಬ ವಾದ ಶುರುವಾಗುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಇಂಟೀರಿಯರು.

ಇನ್ನೊಂದು, ಯಾರೂ ಹೇಳದ ಪರೀಕ್ಷೆ. ನಿಮ್ಮ ಮೀಟರು ನಿಮ್ಮದೇ ಹೌದೇ? ಸಾಲಾಗಿ ಇಪ್ಪತ್ತೆಂಟು ಮೀಟರು ಇರುವ ಹಲಗೆಯಲ್ಲಿ 401 ಮತ್ತು 402 ಅದಲುಬದಲಾದರೆ ಪಕ್ಕದವರ ಎಸಿಗೆ ನೀವು ದುಡ್ಡು ಕಟ್ಟುತ್ತಿರುತ್ತೀರಿ. ಒಬ್ಬರು ಕೆಳಗೆ ನಿಲ್ಲಿ, ಇನ್ನೊಬ್ಬರು ಮೇಲೆ ಗೀಸರ್ ಹಾಕಿ. ಮೀಟರಿನ ಪುಟ್ಟ ಕೆಂಪು ದೀಪ ಚುರುಕಾಗಿ ಮಿಟುಕಬೇಕು, ಮೇನ್ ತೆಗೆದರೆ ಪೂರ್ತಿ ನಿಲ್ಲಬೇಕು.

ನಮ್ಮದು ನಿಂತಿತು. ಕೊನೆಯ ದಿನ ಎಂಸಿಬಿಗಳಿಗೆ ಹೆಸರು ಬರೆಯುವ ಕೆಲಸ. ನಾನು ಡಿಬಿಯ ಮುಂದೆ, ಮಗಳು ಟೇಬಲ್ ಲ್ಯಾಂಪ್ ಹಿಡಿದು ಕೋಣೆಯಿಂದ ಕೋಣೆಗೆ. ನಾನು ಒಂದೊಂದೇ ಆಫ್ ಮಾಡಿದಂತೆ ಒಳಗಿನಿಂದ ಅವಳು “ಹೋಯ್ತು!” ಎಂದು ಕೂಗುವುದು, ನಾನು ಬಿಳಿ ಪಟ್ಟಿಯ ಮೇಲೆ ಬರೆಯುವುದು. ಹದಿಮೂರು ಎಂಸಿಬಿಗಳಿಗೆ ಹೆಸರು ಸಿಕ್ಕಿತು. ಹದಿನಾಲ್ಕನೆಯದನ್ನು ಆಫ್ ಮಾಡಿದರೆ ಏನೂ ಹೋಗಲಿಲ್ಲ. ಲ್ಯಾಂಪು ಹಿಡಿದು ಮನೆಯೆಲ್ಲ ಮೂರು ಸಲ ಸುತ್ತಿದಳು. ಸ್ಪೇರ್ ಇರಬೇಕೆಂದು ಆಫ್ ಮಾಡಿಯೇ ಬಿಟ್ಟೆ. ಸಂಜೆ ಏಳಕ್ಕೆ ಹೆಂಡತಿ ಲಿಫ್ಟಿನಿಂದ ಇಳಿದು, ಬಾಗಿಲು ತಡವುತ್ತಾ ಬಂದಳು. “ಎಂತ ಇದು, ಮೆಟ್ಟಿಲ ಹತ್ರ ಪೂರ್ತಿ ಕತ್ತಲೆ?”

ನಾಲ್ಕನೆಯ ಮಾಳಿಗೆಯ ಪ್ಯಾಸೇಜಿನ ದೀಪ, ಮೆಟ್ಟಿಲ ತಿರುವಿನ ಇನ್ನೊಂದು ದೀಪ, ಎರಡೂ ನಮ್ಮ ಮೀಟರಿನ ಮೇಲೆ. ಎಷ್ಟು ವರ್ಷದಿಂದ ಎಂದು ಹಿಂದಿನ ಮಾಲೀಕರಿಗೂ ಗೊತ್ತಿರಲಿಲ್ಲ. ಸೆಕ್ರೆಟರಿಯವರಿಗೆ ತೋರಿಸಿದೆ. ಅವರು ಸ್ವಿಚ್ಚನ್ನು ಎರಡು ಸಲ ಹಾಕಿ ತೆಗೆದು ನೋಡಿ, ಮುಂದಿನ ಕಮಿಟಿ ಮೀಟಿಂಗಿನ ಅಜೆಂಡಾದಲ್ಲಿ ಹಾಕುತ್ತೇನೆ ಎಂದರು. ಎರಡು ವರ್ಷವಾಯಿತು. ಹದಿನಾಲ್ಕನೆಯ ಎಂಸಿಬಿಯ ಕೆಳಗೆ ಮಗಳು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾಳೆ: ‘ಮೆಟ್ಟಿಲು – ನಮ್ಮ ಲೆಕ್ಕ.’